ನರಗುಂದ, ರೋಣ, ಗಜೇಂದ್ರಗಡ: ಹೆದ್ದಾರಿ ನಂಬರುಗಳ ಹಿಂದೆ ಏನಿದೆ?

ಒಮ್ಮೆ ಫೋನಿನಲ್ಲಿ ಮ್ಯಾಪ್ ತೆಗೆದು ನರಗುಂದ, ರೋಣ, ಗಜೇಂದ್ರಗಡ ಈ ಮೂರು ಊರು ಹುಡುಕಿ. ಗದಗ ಜಿಲ್ಲೆಯ ಉತ್ತರ ಭಾಗದಲ್ಲಿ, ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಸಾಲಾಗಿ ಕೂತಿವೆ. ಪಶ್ಚಿಮಕ್ಕೆ ನರಗುಂದ, ನಡುವೆ ರೋಣ, ಪೂರ್ವಕ್ಕೆ ಗಜೇಂದ್ರಗಡ. ಈ ತುದಿಯಿಂದ ಆ ತುದಿಗೆ 80 ಕಿ.ಮೀ. ಒಳಗೇ. ಈಗ ಅದೇ ಮ್ಯಾಪಿನಲ್ಲಿ ದಪ್ಪ ಗೆರೆಗಳನ್ನು ನೋಡಿ. ಒಂದು ದಪ್ಪ ಗೆರೆ ನರಗುಂದವನ್ನು ಉತ್ತರ-ದಕ್ಷಿಣವಾಗಿ ಹಾಯ್ದು ಹೋಗುತ್ತದೆ. ಇನ್ನೆರಡು ಗಜೇಂದ್ರಗಡವನ್ನು ಮುಟ್ಟಿ ಬೇರೆ ಬೇರೆ ದಿಕ್ಕು ಹಿಡಿಯುತ್ತವೆ. ಆದರೆ ಮೂರೂ ಊರನ್ನು ಒಂದಕ್ಕೊಂದು ಜೋಡಿಸುವ ರಸ್ತೆ ಮಾತ್ರ ತೆಳ್ಳನೆಯ ಗೆರೆ.

ಯಾಕೆ ಹೀಗೆ? ಅಕ್ಕಪಕ್ಕದ ಊರುಗಳಿಗೆ ಸಣ್ಣ ರಸ್ತೆ, ಸಾವಿರ ಕಿಲೋಮೀಟರ್ ದೂರದ ಊರಿಗೆ ದೊಡ್ಡ ರಸ್ತೆ ಯಾಕೆ? ಸಿವಿಲ್ ಎರಡನೇ ವರ್ಷದ ನಾವು ಕೆಲವರು ಕೂತು ಇದನ್ನೇ ಓದಿದೆವು. ನಮ್ಮ ಬ್ಯಾಚಿನಲ್ಲಿ ಆ ಕಡೆಯವರೂ ಇದ್ದಾರೆ. ಮಳೆಗಾಲದಲ್ಲಿ ಮನೆಗೆ ಹೋಗೋದಾದರೆ ಅವರು ಮೊದಲು ಕೇಳುವ ಪ್ರಶ್ನೆ "ಬಸ್ಸು ಎಷ್ಟಕ್ಕೆ?" ಅಂತ ಅಲ್ಲ, "ಹಳ್ಳ ಬಂದೈತೇನು?" ಅಂತ. ಆ ಪ್ರಶ್ನೆಗೂ ಹೆದ್ದಾರಿ ನಂಬರಿಗೂ ಸಂಬಂಧ ಇದೆ.

ಮೊದಲು ನಂಬರು

ನರಗುಂದದ ಹೆದ್ದಾರಿ ಈಗ ರಾಷ್ಟ್ರೀಯ ಹೆದ್ದಾರಿ 52. ಪಂಜಾಬಿನ ಸಂಗ್ರೂರಿನಲ್ಲಿ ಶುರುವಾಗಿ ಹರಿಯಾಣ, ರಾಜಸ್ಥಾನ, ಮಧ್ಯಪ್ರದೇಶ, ಮಹಾರಾಷ್ಟ್ರ ದಾಟಿ ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅಂಕೋಲಾದಲ್ಲಿ ಮುಗಿಯುತ್ತದೆ. ಉದ್ದ 2,300 ಕಿ.ಮೀ.ಗಿಂತ ಹೆಚ್ಚು. ಆದರೆ ಇದನ್ನು ಯಾರೋ ಒಬ್ಬರು ಒಂದೇ ರಸ್ತೆಯಾಗಿ ಕಟ್ಟಿದ್ದಲ್ಲ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟಾಗ ಹಳೆಯ ತುಂಡುಗಳನ್ನು ಕೌದಿ ಹೊಲಿದ ಹಾಗೆ ಸೇರಿಸಿದ್ದು. ಕರ್ನಾಟಕದ ಭಾಗವನ್ನೇ ನೋಡಿ: ಸೊಲ್ಲಾಪುರದಿಂದ ವಿಜಯಪುರದವರೆಗಿನದು ಮೊದಲು 13, ವಿಜಯಪುರದಿಂದ ಹುಬ್ಬಳ್ಳಿವರೆಗಿನದು 218, ಹುಬ್ಬಳ್ಳಿಯಿಂದ ಅಂಕೋಲಾದವರೆಗಿನದು 63. ನರಗುಂದದ ಹಿರಿಯರು ಈಗಲೂ "ಟು ಎಯ್ಟೀನ್" ಅಂದರೆ ಆಶ್ಚರ್ಯಪಡಬೇಡಿ. ಇನ್ನೂ ಹಿರಿಯರಿಗೆ ಅದು ಬರೀ ಸೊಲ್ಲಾಪುರ ರೋಡು.

ಹೊಸ ನಂಬರಿನ ಲೆಕ್ಕ ಸುಲಭ, ಕ್ವಿಜ್‌ಗೂ ಬರುತ್ತದೆ. ಉತ್ತರ-ದಕ್ಷಿಣ ಹೆದ್ದಾರಿಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ನಂಬರು ಏರುತ್ತದೆ. ಅದಕ್ಕೇ ನಮ್ಮ ಕರಾವಳಿಯದು 66. ಪೂರ್ವ-ಪಶ್ಚಿಮಕ್ಕೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಹುಬ್ಬಳ್ಳಿ, ಗದಗ, ಕೊಪ್ಪಳ, ಬಳ್ಳಾರಿ ಮೇಲೆ ಹೋಗುವುದು 67. ಮೂರಂಕಿ ಇದ್ದರೆ ಅದು ಕವಲು. ಕೊನೆಯ ಎರಡು ಅಂಕಿ ತಾಯಿ ರಸ್ತೆಯದು. ಗಜೇಂದ್ರಗಡದ 367 ಅಂದರೆ 67ರ ಒಂದು ಕವಲು. ಕೊಪ್ಪಳ ಜಿಲ್ಲೆಯ ಭಾನಾಪುರದ ಹತ್ತಿರ 67ನ್ನು ಬಿಟ್ಟು ಕುಕನೂರು, ಯಲಬುರ್ಗಾ, ಗಜೇಂದ್ರಗಡ, ಬಾದಾಮಿ, ಗುಳೇದಗುಡ್ಡ, ಬಾಗಲಕೋಟೆ ಮೇಲೆ ಗದ್ದನಕೇರಿಯಲ್ಲಿ 52ನ್ನು ಸೇರುತ್ತದೆ. ಗಜೇಂದ್ರಗಡದ ಇನ್ನೊಂದು ದೊಡ್ಡ ರಸ್ತೆ ರಾಜ್ಯ ಹೆದ್ದಾರಿ 6. ಅದು ಇಳಕಲ್ಲಿನಿಂದ ಗಜೇಂದ್ರಗಡ, ನರೇಗಲ್, ಗದಗ, ಲಕ್ಷ್ಮೇಶ್ವರ ಮೇಲೆ ಕೈಗಾ ಕಾಡಿನೊಳಗೆ ಇಳಿದು ಕಾರವಾರ ಮುಟ್ಟುತ್ತದೆ.

ಎರಡು ತುದಿಗಳನ್ನು ಗಮನಿಸಿದಿರಾ? ನರಗುಂದದ ರಸ್ತೆ ಅಂಕೋಲಾಕ್ಕೆ, ಗಜೇಂದ್ರಗಡದ ರಸ್ತೆ ಕಾರವಾರಕ್ಕೆ. ಬಯಲುಸೀಮೆಯ ನಡುಮಧ್ಯದ ಈ ಎರಡು ಊರಿನ ರಸ್ತೆಗಳು ಸಮುದ್ರದ ದಂಡೆಯಲ್ಲಿ ಅಕ್ಕಪಕ್ಕ ಹೋಗಿ ನಿಲ್ಲುತ್ತವೆ. 52 ಆಗಲಿ 367 ಆಗಲಿ ನಡುವಿನ ರೋಣ ಪೇಟೆಯೊಳಗೆ ಬರುವುದಿಲ್ಲ.

ಹತ್ತಿ ಹಿಡಿದ ದಾರಿ

ಈ ರಸ್ತೆಗಳನ್ನು ಸಮುದ್ರದ ಕಡೆ ಎಳೆದದ್ದು ಹತ್ತಿ. ನರಗುಂದ, ನವಲಗುಂದ, ರೋಣ, ಗದಗ ಅಂದರೆ ಎರಿ ಭೂಮಿ, ಜವಾರಿ ಹತ್ತಿಯ ನಾಡು. ಈ ಹತ್ತಿಗೆ ಹೊರಗಿನ ಮಾರುಕಟ್ಟೆಯಲ್ಲಿ ಇದ್ದ ಹೆಸರು ನವಲಗುಂದವೂ ಅಲ್ಲ, ಧಾರವಾಡವೂ ಅಲ್ಲ, 'ಕುಮಟಾ'. ಕುಮಟಾದಲ್ಲಿ ಹತ್ತಿ ಬೆಳೆಯೋದಿಲ್ಲ, ಅಲ್ಲಿ ಬೆಳೆಯೋದು ತೆಂಗು, ಅಡಿಕೆ, ಭತ್ತ. ಹತ್ತಿ ಹಡಗು ಹತ್ತುತ್ತಿದ್ದದ್ದು ಅಲ್ಲಿಂದ, ಅಷ್ಟೇ. ಬೆಳೆದವನ ಊರಿನ ಹೆಸರು ಹೋಗಿ ಬಂದರಿನ ಹೆಸರು ಉಳಿಯಿತು. ಇದನ್ನು ಓದಿದಾಗ ನಮಗೆ ಸ್ವಲ್ಪ ಸಿಟ್ಟೇ ಬಂತು.

ರಸ್ತೆ ಸರಿಯಾಗುವ ಮೊದಲು ಹತ್ತಿ ಎತ್ತುಗಳ ಬೆನ್ನಿನ ಮೇಲೆ ಘಟ್ಟ ಇಳಿಯುತ್ತಿತ್ತು. ಲಂಬಾಣಿಗರ ಎತ್ತಿನ ತಾಂಡಾಗಳು ಹೋಗುವಾಗ ಕಾಳು, ಹತ್ತಿ, ಬರುವಾಗ ಉಪ್ಪು ತರುತ್ತಿದ್ದವು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಿತು. ಒಮ್ಮೆಲೇ ಎಲ್ಲರ ಕಣ್ಣು ಧಾರವಾಡ ಜಿಲ್ಲೆಯ ಎರಿ ಹೊಲಗಳ ಮೇಲೆ ಬಿತ್ತು. ಆಗ ಒಂದು ಅಡ್ಡಿ: ಹೊಲ ಮುಂಬಯಿ ಪ್ರಾಂತದಲ್ಲಿ, ಬಂದರು ಮದ್ರಾಸ್ ಪ್ರಾಂತದಲ್ಲಿ. ಘಟ್ಟದ ಮೇಲೆ ಒಂದು ಸರ್ಕಾರ ರಸ್ತೆ ಮಾಡಿದರೆ ಕೆಳಗೆ ಇನ್ನೊಂದು ಸರ್ಕಾರ ಮಾಡಬೇಕು. ಇದಕ್ಕೆ ಪರಿಹಾರವಾಗಿ 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಕಾರವಾರ ಜಿಲ್ಲಾಕೇಂದ್ರವಾಯಿತು. ಹತ್ತಿಯ ದಾರಿಗಾಗಿ ಒಂದು ಜಿಲ್ಲೆಯ ಗಡಿಯನ್ನೇ ಬದಲಿಸಿದ್ದು! ಇವತ್ತು ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಗಂಟೆಗಟ್ಟಲೆ ಸಿಕ್ಕಿಕೊಂಡಾಗ ಈ ಕಥೆ ನೆನಪಿಸಿಕೊಳ್ಳಬಹುದು, ಟೈಂಪಾಸ್ ಆಗುತ್ತೆ.

ಆಮೇಲೆ ರೈಲು ಬಂತು. 1876-78ರ ಭೀಕರ ಬರದ ನಂತರ ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ಗದಗಕ್ಕೆ ಮೀಟರ್‌ಗೇಜ್ ಹಾಕಿದರು, 1884ರಲ್ಲಿ ಓಡಿತು. ಹತ್ತಿ ದಿಕ್ಕು ಬದಲಿಸಿ ಗದಗಿನ ಸ್ಟೇಷನ್ನಿಗೆ ನಡೆಯಿತು. ಆ ಮಾರ್ಗ ರೋಣ ತಾಲ್ಲೂಕಿನ ಹೊಳೆಆಲೂರನ್ನು ಮುಟ್ಟಿತೇ ಹೊರತು ನಮ್ಮ ಮೂರು ಪೇಟೆಗಳಲ್ಲಿ ಒಂದಕ್ಕೂ ಬರಲಿಲ್ಲ. ಇವತ್ತಿಗೂ ಈ ಮೂರು ಪಟ್ಟಣಗಳಲ್ಲಿ ರೈಲ್ವೆ ಸ್ಟೇಷನ್ ಇಲ್ಲ. ಘಟ್ಟದ ಕಡೆ ಹುಬ್ಬಳ್ಳಿ-ಅಂಕೋಲಾ ರೈಲೂ ಆಗಿಲ್ಲ. ಹಾಗಾಗಿ ಇಲ್ಲಿ ರಸ್ತೆ ಅಂದರೆ ಅದೊಂದೇ ದಾರಿ. ರಸ್ತೆ ನಿಂತರೆ ಎಲ್ಲ ನಿಂತ ಹಾಗೆ.

ನರಗುಂದ

ಹುಬ್ಬಳ್ಳಿಯಿಂದ ಸುಮಾರು 55 ಕಿ.ಮೀ. ಬಂದರೆ ಸಮತಟ್ಟಾದ ಎರಿ ನೆಲದ ನಡುವೆ ಒಂದೇ ಒಂದು ಗುಡ್ಡ ಎದ್ದು ನಿಂತಿದೆ. ಅದರ ಮೇಲೆ ಕೋಟೆ. ಸುತ್ತ ಎಲ್ಲೂ ಗುಡ್ಡ ಇಲ್ಲದಿರುವಾಗ ದಾರಿ ಕಾಯಲು ಇದಕ್ಕಿಂತ ಒಳ್ಳೆಯ ಜಾಗ ಇರಲಾರದು. ಸರ್ವೇ ಲ್ಯಾಬಿನಲ್ಲಿ ಥಿಯೋಡಲೈಟ್ ಹಿಡಿದವರಿಗೆ ಇದು ಬೇಗ ಅರ್ಥವಾಗುತ್ತೆ: ನಾಲ್ಕೂ ದಿಕ್ಕಿಗೆ ದೃಷ್ಟಿಗೆ ಅಡ್ಡ ಇಲ್ಲ.

1858ರಲ್ಲಿ ಇಲ್ಲಿನ ಸಂಸ್ಥಾನಿಕ ಬಾಬಾಸಾಹೇಬ ಭಾವೆ ದತ್ತು ತೆಗೆದುಕೊಳ್ಳುವ ಹಕ್ಕನ್ನು ಕಂಪನಿ ಸರ್ಕಾರ ನಿರಾಕರಿಸಿತೆಂದು, ಕೋಟೆಯ ತೋಪು ಕೇಳಿತೆಂದು ಬಂಡೆದ್ದ. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ತಲೆಯನ್ನು ತಂದು ನರಗುಂದದ ಅಗಸಿಗೆ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಇಂಗ್ಲಿಷ್ ಸೈನ್ಯ ಬಂತು, ಕೋಟೆ ಬಿತ್ತು, ಜೂನ್ 12ಕ್ಕೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಎಲ್ಲ ಎರಡು ವಾರದೊಳಗೆ. ಮುಂಗಾರು ಹಿಡಿದು ಎರಿ ನೆಲ ಕೆಸರಾದ ಮೇಲೆ ತೋಪಿನ ಗಾಡಿ ಎಳೆಯುವುದು ಎಷ್ಟು ಕಷ್ಟವಾಗುತ್ತಿತ್ತು ಅಂತ ನಮ್ಮಲ್ಲಿ ಚರ್ಚೆ ಆಯಿತು. ಒಂದು ತಿಂಗಳು ತಡವಾಗಿದ್ದರೆ?

ಇದೇ ಊರಿನ ಇನ್ನೊಂದು ಬಂಡಾಯಕ್ಕೂ ಇದೇ ಮಣ್ಣು ಕಾರಣ, ಅದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ಅಣೆಕಟ್ಟು ಕಟ್ಟಿದರು, 37.73 ಟಿಎಂಸಿ ಅಡಿ ಸಾಮರ್ಥ್ಯ. ಬಲದಂಡೆ ಕಾಲುವೆ ಎರಿ ನೆಲದೊಳಗೆ ಬಂತು. ಎರಿಯಲ್ಲಿ ಕಾಲುವೆ ಕಟ್ಟೋದು ಅಂದರೆ ಉಬ್ಬುವ ಹಿಟ್ಟಿನ ಮೇಲೆ ಹೆಂಚು ಹೊದಿಸಿದ ಹಾಗೆ. ಒಳಗಿನ ಮಣ್ಣು ನೀರು ಕುಡಿದು ಉಬ್ಬಿದರೆ ಲೈನಿಂಗ್ ಸೀಳುತ್ತದೆ, ಸೀಳಿನಲ್ಲಿ ನೀರು ಇಳಿದು ಮಣ್ಣು ಇನ್ನೂ ಉಬ್ಬುತ್ತದೆ. ಹೊಲಕ್ಕೆ ನೀರು ಸರಿಯಾಗಿ ಮುಟ್ಟದಿದ್ದರೂ ಅಭಿವೃದ್ಧಿ ಕರ ಕಟ್ಟು ಎಂದರು ಎನ್ನುವುದು ರೈತರ ದೂರು. 1980ರ ಜುಲೈ 21ರಂದು ನರಗುಂದ, ನವಲಗುಂದ ಎರಡರಲ್ಲೂ ರೈತರು ಸೇರಿದರು, ಗೋಲಿಬಾರ್ ಆಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ಪೊಲೀಸರ ಕಡೆಯಲ್ಲೂ ಸಾವಾಯಿತು. ರಾಜ್ಯದ ರೈತ ಚಳವಳಿಗೆ ಕಿಡಿ ಹತ್ತಿದ್ದು ಅಲ್ಲಿಂದ. ಪ್ರತಿವರ್ಷ ಜುಲೈ 21ಕ್ಕೆ ನರಗುಂದದಲ್ಲಿ ಹುತಾತ್ಮರ ದಿನ ನಡೆಯುತ್ತದೆ. 2015ರಿಂದ ಮಹದಾಯಿ ನೀರಿಗಾಗಿ ನಡೆದ ಹೋರಾಟದ ಕೇಂದ್ರವೂ ಇದೇ ಊರು.

ಎರಿ ಮಣ್ಣಿನ ಪಾಠ

ಈಗ ಸಿವಿಲ್‌ನವರ ಸ್ವಂತ ವಿಷಯ. ಕಂಪ್ಯೂಟರ್ ಸೈನ್ಸಿನವರೂ ಓದಿ, ಕಷ್ಟವೇನಿಲ್ಲ.

ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇದೆ. ಅದರ ರಚನೆ ತೆಳ್ಳನೆಯ ಹಾಳೆಗಳ ಕಟ್ಟಿನ ಹಾಗೆ. ಹಾಳೆಗಳ ನಡುವೆ ನೀರು ನುಗ್ಗಿದರೆ ಕಟ್ಟು ದಪ್ಪವಾಗುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಆ ಕಡೆಯ ಹೊಲ ನೋಡಿದವರಿಗೆ ಗೊತ್ತು, ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು. ಮಳೆ ಬಿದ್ದ ಮೇಲೆ ಅದೇ ನೆಲ ಚಪ್ಪಲಿ ಕಿತ್ತುಕೊಳ್ಳುತ್ತೆ.

ರಸ್ತೆಯ ತಳದ ಮಣ್ಣು ಎಷ್ಟು ಗಟ್ಟಿ ಅಂತ ಅಳೆಯಲು ಸಿಬಿಆರ್ ಪರೀಕ್ಷೆ ಮಾಡುತ್ತಾರೆ. ನೀರಿನಲ್ಲಿ ನೆನೆದ ಎರಿ ಮಣ್ಣಿನ ಸಿಬಿಆರ್ ಸಾಮಾನ್ಯವಾಗಿ 2-3 ಶೇಕಡಾ, ಕೆಲವೊಮ್ಮೆ ಅದಕ್ಕೂ ಕಡಿಮೆ. ದಿನಕ್ಕೆ 450ಕ್ಕಿಂತ ಹೆಚ್ಚು ವಾಣಿಜ್ಯ ವಾಹನ ಓಡುವ ರಸ್ತೆಗೆ ಐಆರ್‌ಸಿ 37ರ 2018ರ ಆವೃತ್ತಿ ಕೇಳುವುದು ಕನಿಷ್ಠ 5. ಅಂದರೆ ಅಲ್ಲಿರುವ ಮಣ್ಣು ಹಾಗೆಯೇ ಪಾಸಾಗೋದಿಲ್ಲ. ಸುಣ್ಣ ಬೆರೆಸಬೇಕು, ಇಲ್ಲವೇ ಮೇಲಿನ ಪದರ ತೆಗೆದು ಗರಸು ತುಂಬಬೇಕು. ಸುಣ್ಣದ ಕ್ಯಾಲ್ಸಿಯಂ ಹಾಳೆಗಳ ನಡುವಿನ ಸೋಡಿಯಂ ಜಾಗಕ್ಕೆ ಹೋಗಿ ಕೂತರೆ ನೀರಿನ ಹಸಿವು ಕಡಿಮೆಯಾಗುತ್ತದೆ, ಆಮೇಲೆ ನಿಧಾನಕ್ಕೆ ಸಿಮೆಂಟಿನ ಹಾಗೆ ಗಟ್ಟಿಯೂ ಆಗುತ್ತದೆ.

ಇನ್ನೊಂದು ಗಮನಿಸಿ. ಎರಿ ಸೀಮೆಯ ರಸ್ತೆ ಮೊದಲು ಒಡೆಯೋದು ನಡುವೆ ಅಲ್ಲ, ಅಂಚಿನಲ್ಲಿ. ಡಾಂಬರಿನ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ, ತೇವಾಂಶ ಹೆಚ್ಚು ಬದಲಾಗೋದಿಲ್ಲ. ಅಂಚಿನ ಕೆಳಗಿನದು ಮಾತ್ರ ವರ್ಷಕ್ಕೊಮ್ಮೆ ಉಬ್ಬಿ, ಕುಗ್ಗಿ, ಉದ್ದಕ್ಕೆ ಸೀಳು ಬಿಡುತ್ತದೆ. ಪಕ್ಕದಲ್ಲಿ ಗಟಾರು ಇಲ್ಲದೆ ನೀರು ನಿಂತರೆ ಕಥೆ ಮುಗಿಯಿತು. ಡಾಂಬರು ಎಷ್ಟು ದಪ್ಪ ಹಾಕಿದರು ಅಂತ ಎಲ್ಲರೂ ಕೇಳುತ್ತಾರೆ. ಎರಿಯಲ್ಲಿ ಮೊದಲು ಕೇಳಬೇಕಾದ್ದು ಗಟಾರು ಎಲ್ಲಿದೆ ಅಂತ.

ಮೇಲೆ ಹೇಳಿದ ಕಾಲುವೆ ಸಮಸ್ಯೆಗೆ ಉತ್ತರ ಹುಡುಕಿದವರು ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ. ಉಬ್ಬುವ ಮಣ್ಣಿನ ಮೇಲೆ, ಉಬ್ಬದ ಆದರೆ ಅಂಟುಗುಣ ಇರುವ ಮಣ್ಣಿನ ಸುಮಾರು 1 ಮೀಟರ್ ಪದರ ಕೂರಿಸಿದರೆ ಕೆಳಗಿನ ಉಬ್ಬು ಮೇಲಕ್ಕೆ ಬರದ ಹಾಗೆ ಹಿಡಿದಿಡಬಹುದು ಎಂದು ತೋರಿಸಿದರು. ಬರೀ ಮರಳು ಹಾಕಿದರೆ ಆಗೋದಿಲ್ಲ, ಅಂಟುಗುಣ ಬೇಕೇ ಬೇಕು, ಅದೇ ಇದರ ಗುಟ್ಟು. ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಈ ವಿಧಾನ ಬಳಸಿದರು. ಈಗ ಉಬ್ಬುವ ಮಣ್ಣಿನ ಕಾಲುವೆಗಳಿಗೆ ಐಎಸ್ 9451 ಎಂಬ ಮಾನಕವೇ ಇದೆ. ಟೆಕ್ಸ್ಟ್‌ಬುಕ್ಕಿನಲ್ಲಿ ಎರಡೇ ಸಾಲು ಇರುವ ಸಿಎನ್‌ಎಸ್ ಪದರದ ಹಿಂದೆ ನಮ್ಮದೇ ಸೀಮೆಯ ಹೊಲಗಳಿವೆ ಅಂತ ಗೊತ್ತಾದಾಗ ಆ ಎರಡು ಸಾಲು ಮತ್ತೆ ಓದಿದೆವು.

ಹಳ್ಳ ಬಂದೈತೇನು?

ನರಗುಂದದಿಂದ ಪೂರ್ವಕ್ಕೆ ರೋಣದ ದಾರಿ ಹಿಡಿದರೆ ಯಾವಗಲ್ಲಿನ ಹತ್ತಿರ ಬೆಣ್ಣೆಹಳ್ಳ ಸಿಗುತ್ತದೆ. ಹೆಸರಿಗೆ ಬೆಣ್ಣೆ. ಬೇಸಿಗೆಯಲ್ಲಿ ನೋಡಿದರೆ ಇದಕ್ಯಾಕೆ ಇಷ್ಟು ಹೆದರುತ್ತಾರೆ ಅನಿಸುತ್ತದೆ. ಹುಬ್ಬಳ್ಳಿಯ ದಕ್ಷಿಣಕ್ಕೆ ಹುಟ್ಟಿ, ನವಲಗುಂದದ ಎರಿ ಬಯಲನ್ನು ದಾಟಿ, ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯನ್ನು ಸೇರುವ ಹಳ್ಳ ಇದು. ಎರಿ ಮಣ್ಣು ಮೊದಲ ಮಳೆಯನ್ನು ಬಿರುಕುಗಳಲ್ಲಿ ಕುಡಿಯುತ್ತದೆ. ಒಮ್ಮೆ ಉಬ್ಬಿ ಬಿರುಕು ಮುಚ್ಚಿತೋ, ಆಮೇಲೆ ನೀರು ಒಳಗಿಳಿಯುವುದಿಲ್ಲ, ಬಿದ್ದದ್ದೆಲ್ಲ ಹಳ್ಳಕ್ಕೆ. ನೆಲ ಸಪಾಟು, ಹಳ್ಳದ ದಂಡೆ ಎತ್ತರವಿಲ್ಲ, ಆದ್ದರಿಂದ ನೀರು ಅಗಲಕ್ಕೆ ಹರಡುತ್ತದೆ. ಅದೇ ಹೊತ್ತಿಗೆ ಅಣೆಕಟ್ಟು ತುಂಬಿ ಮಲಪ್ರಭೆಗೆ ನೀರು ಬಿಟ್ಟಿದ್ದರೆ, ಹಳ್ಳದ ನೀರಿಗೆ ಮುಂದೆ ಜಾಗ ಸಿಗದೆ ಹಿಂದಕ್ಕೆ ಒತ್ತುತ್ತದೆ. ಹೈಡ್ರಾಲಿಕ್ಸಿನಲ್ಲಿ ನಾವು ಬ್ಯಾಕ್‌ವಾಟರ್ ಕರ್ವ್ ಬಿಡಿಸಿದ್ದು ಇದನ್ನೇ.

ಆಗ ಯಾವಗಲ್ಲಿನಲ್ಲಿ ರೋಣ-ನರಗುಂದ ಸಂಚಾರ ಕಟ್. ರಾಷ್ಟ್ರೀಯ ಹೆದ್ದಾರಿಯೂ ಇದಕ್ಕೆ ಹೊರತಲ್ಲ. 2019ರ ಆಗಸ್ಟಿನಲ್ಲಿ ನರಗುಂದ ತಾಲ್ಲೂಕಿನ ಕೊಣ್ಣೂರಿನಲ್ಲಿ ಮಲಪ್ರಭೆ ರಸ್ತೆಗೇ ಬಂದು ಹುಬ್ಬಳ್ಳಿ-ವಿಜಯಪುರ ಸಂಚಾರ ನಿಂತಿತ್ತು. ಆದರೆ ವ್ಯತ್ಯಾಸ ಇಲ್ಲಿದೆ: 52 ನಿಂತರೆ ಟಿವಿಯಲ್ಲಿ ಬರುತ್ತದೆ. ಯಾವಗಲ್ ನಿಂತರೆ ಜಿಲ್ಲಾ ಪುಟದಲ್ಲಿ ಒಂದು ಕಾಲಂ. ಆ ಒಂದು ಕಾಲಮ್ಮಿನೊಳಗೆ ಆಸ್ಪತ್ರೆಗೆ ಹೊರಟವರು, ಸಂತೆಗೆ ಹೆಸರುಕಾಳು ಒಯ್ಯುವವರು, ಇಂಟರ್ನಲ್ಸ್ ಬರೆಯಬೇಕಾದ ನಮ್ಮಂಥವರು ಎಲ್ಲ ಇರುತ್ತಾರೆ. ಲಾರಿಗಳ ಲೆಕ್ಕ ಹಾಕಿ ರಸ್ತೆ ಅಗಲ ಮಾಡುವ ವಿಧಾನ ಸರಿಯೇ. ಆದರೆ ಬೇರೆ ದಾರಿಯೇ ಇಲ್ಲದ ಕಡೆ ಸೇತುವೆಯ ಎತ್ತರವನ್ನೂ ಲಾರಿ ಲೆಕ್ಕದಲ್ಲೇ ನಿರ್ಧರಿಸಬೇಕಾ? ಇದಕ್ಕೆ ನಾವು ನಾಲ್ವರೂ ಒಂದೇ ಉತ್ತರ ಹೇಳಲಿಲ್ಲ. ಎತ್ತರ ಮಾಡಿದರೆ ಅದರ ಏರಿಯೇ ಅಡ್ಡಗಟ್ಟೆಯಾಗಿ ಮೇಲಿನ ಹೊಲ ಮುಳುಗುತ್ತವೆ ಅಂತ ಒಬ್ಬ. ಹಾಗಿದ್ದರೆ ಏರಿ ಕಡಿಮೆ ಮಾಡಿ ಕಮಾನು ಹೆಚ್ಚು ಮಾಡಿ ಅಂತ ಇನ್ನೊಬ್ಬಳು. ನಮ್ಮಲ್ಲಿ ಹೆಚ್ಚಿನವರು ಅವಳ ಕಡೆ.

ರೋಣದಿಂದ ಗಜೇಂದ್ರಗಡಕ್ಕೆ

ರೋಣಕ್ಕೆ ದ್ರೋಣಾಚಾರ್ಯರ ಹೆಸರು ಅಂತ ಊರವರು ಹೇಳುತ್ತಾರೆ. ದೊಡ್ಡ ಹೆದ್ದಾರಿ ಇಲ್ಲದಿದ್ದರೂ ತಾಲ್ಲೂಕು ಕಚೇರಿ, ಕೋರ್ಟು ಇದ್ದದ್ದರಿಂದ ಸುತ್ತಲಿನ ಹಳ್ಳಿಗಳ ಕಾಲು ಇಲ್ಲಿಗೇ. 2018ರಲ್ಲಿ ಗಜೇಂದ್ರಗಡ ಬೇರೆ ತಾಲ್ಲೂಕಾಗುವವರೆಗೆ ಅಲ್ಲಿನವರೂ ಒಂದು ಉತಾರಕ್ಕೆ ಇಲ್ಲಿಗೆ ಬರಬೇಕಿತ್ತು.

ಇಲ್ಲಿಂದ ಪೂರ್ವಕ್ಕೆ ಹೊರಟರೆ ನೆಲದ ಬಣ್ಣ ನೋಡುತ್ತಾ ಹೋಗಿ. ಕಪ್ಪು ತೆಳುವಾಗುತ್ತಾ, ಕೆಂಪು ಮಸಾರಿ ಹೊಲಗಳು ಶುರುವಾಗಿ, ಆಮೇಲೆ ಕಲ್ಲುಗುಡ್ಡ. ಈ ಭಾಗದಲ್ಲಿರುವ ಸೂಡಿಗೆ ಹೋದರೆ ಜೋಡುಕಳಸದ ಗುಡಿ, ನಾಗಕುಂಡ ಸಿಗುತ್ತವೆ. ಹನ್ನೊಂದನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದಾಗ ಸೂಡಿ ದೊಡ್ಡ ಊರು. ಕುಕನೂರು, ಸೂಡಿ, ಬಾದಾಮಿ, ಪಟ್ಟದಕಲ್ಲು ಇವನ್ನೆಲ್ಲ ಒಂದು ದಾರದಲ್ಲಿ ಪೋಣಿಸಿ ನೋಡಿದರೆ ಇವತ್ತಿನ 367ರ ಆಸುಪಾಸೇ ಬರುತ್ತದೆ. ಹತ್ತಿ ಬಂದರು ಹುಡುಕುವುದಕ್ಕೂ ಮೊದಲು ಈ ನಾಡಿನ ಮುಖ್ಯ ಊರುಗಳು ಸಮುದ್ರಕ್ಕಲ್ಲ, ಒಂದಕ್ಕೊಂದು ಮುಖ ಮಾಡಿದ್ದವು ಅಂತ ನಮಗೆ ಅನಿಸುತ್ತದೆ.

ಗಜೇಂದ್ರಗಡದ್ದು ಕೋಟೆ, ಕಾಲಕಾಲೇಶ್ವರ, ನೇಕಾರಿಕೆ ಮತ್ತು ಈಗ ಗುಡ್ಡದ ಮೇಲಿನ ಗಾಳಿಯಂತ್ರ. ಇತಿಹಾಸದ ಪುಸ್ತಕದಲ್ಲಿ ಇದರ ಹೆಸರು ಬರುವುದು 1787ರ ಒಪ್ಪಂದದಿಂದ. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನರಗುಂದವನ್ನು ಹಿಡಿಯಿತು. ಅದರಿಂದ ಮರಾಠರು ಮತ್ತು ನಿಜಾಮ ಒಂದು ಕಡೆ, ಟಿಪ್ಪು ಇನ್ನೊಂದು ಕಡೆ ನಿಂತು ಯುದ್ಧ ಬೆಳೆಯಿತು. ಅದು ಮುಗಿದದ್ದು ಗಜೇಂದ್ರಗಡದ ಒಪ್ಪಂದದಲ್ಲಿ. ನರಗುಂದ ಮರಾಠರ ಕಡೆಗೆ ಮರಳಿತು. ಈ ಸಾಲಿನ ಪಶ್ಚಿಮ ತುದಿಯಲ್ಲಿ ಹೊತ್ತಿದ್ದು ಪೂರ್ವ ತುದಿಯಲ್ಲಿ ಆರಿತು.

ರಜೆಯಲ್ಲಿ ಆ ಕಡೆ ಹೋಗುವವರಿಗೆ ಒಂದು ಕೆಲಸ. ನರಗುಂದ, ರೋಣ, ಗಜೇಂದ್ರಗಡ ಮೂರೂ ಕಡೆ ರಸ್ತೆಯ ಅಂಚಿನ ಒಂದೊಂದು ಫೋಟೋ ತೆಗೆಯಿರಿ, ಪಕ್ಕದ ಹೊಲದ ಒಂದೊಂದು ಹಿಡಿ ಮಣ್ಣು ಕವರಿನಲ್ಲಿ ಹಾಕಿ, ಮೇಲೆ ಊರಿನ ಹೆಸರು ಬರೆದು ತನ್ನಿ. ಮೂರನ್ನೂ ಜರಡಿ ಹಿಡಿದು 10 ಗ್ರಾಂನಂತೆ 100 ಮಿ.ಲೀ. ಸಿಲಿಂಡರಿಗೆ ಹಾಕಿ, ಒಂದರಲ್ಲಿ ನೀರು, ಒಂದರಲ್ಲಿ ಸೀಮೆಎಣ್ಣೆ ತುಂಬಿಸಿ 24 ಗಂಟೆ ಬಿಟ್ಟರೆ ಫ್ರೀ ಸ್ವೆಲ್ ಗೊತ್ತಾಗುತ್ತದೆ. ಸೀಮೆಎಣ್ಣೆಯಲ್ಲಿ ಎರಿ ಉಬ್ಬೋದಿಲ್ಲ, ನೀರಿನಲ್ಲಿ ಎಷ್ಟು ಮೇಲೆ ಬರುತ್ತೆ ಅಂತ ನೋಡಿ. ಬಂದ ಅಂಕಿಗಳನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಮಳೆಗಾಲದಲ್ಲಿ ಹೋಗುವುದಾದರೆ ಗದಗಿನ ಮೇಲಿಂದ ಹೋಗಿ, ಯಾವಗಲ್ ದಾರಿ ಹಿಡಿಯುವ ಮೊದಲು ಊರಿಗೆ ಒಂದು ಫೋನ್ ಮಾಡಿ.